ಗುಳೆ ಮತ್ತು ರಕ್ತಪರೀಕ್ಷೆ: ಉತ್ತರ ಕರ್ನಾಟಕದ ವಲಸೆ ಕಾರ್ಮಿಕರು ಹಾಗೂ ಎಚ್‌ಐವಿ ಆಪ್ತಸಮಾಲೋಚನೆ

ಉತ್ತರ ಕರ್ನಾಟಕದ ಒಣಬೇಸಾಯದ ಸೀಮೆಯಲ್ಲಿ ದುಡಿಮೆಯನ್ನು ಅರಸಿ ಊರು ಬಿಡುವುದಕ್ಕೆ ‘ಗುಳೆ ಹೋಗುವುದು’ ಎಂಬ ಮಾತಿದೆ. ‘ವಲಸೆ’ ಎಂಬುದು ಗ್ರಂಥಗಳಿಗೂ ಸರಕಾರಿ ಕಡತಗಳಿಗೂ ಸೇರಿದ ಪದ. ‘ಗುಳೆ’ ಜನರ ಬಾಯಲ್ಲಿರುವ ಪದ. ಯುದ್ಧ, ಬರ, ಬೇನೆಗಳಿಗೆ ಅಂಜಿ ಜನರು ಮನೆಮಾರು ಬಿಟ್ಟು ಗುಂಪಾಗಿ ಹೊರಡುವುದನ್ನು ಈ ಪದ ಹಿಂದಿನಿಂದಲೂ ಸೂಚಿಸುತ್ತ ಬಂದಿದೆ. ಹೀಗೆ ಹೊರಟವರು ಊರಿನ ಸಂಬಂಧವನ್ನು ಕಡಿದುಕೊಂಡು ಹೋಗುವುದಿಲ್ಲ. ಬಿತ್ತನೆಗೆ, ಜಾತ್ರೆಗೆ, ಮದುವೆಗೆ, ಮಣ್ಣಿಗೆ ಅವರು ಮರಳಿ ಬರುತ್ತಾರೆ. ವಿಜಯಪುರ, ಬಾಗಲಕೋಟೆ, ಕಲಬುರಗಿ, ರಾಯಚೂರು, ಕೊಪ್ಪಳ ಸೀಮೆಗಳಿಂದ ಗೋವಾ, ಮುಂಬಯಿ, ಪುಣೆ, ಕೊಂಕಣಪಟ್ಟಿ, ಬೆಂಗಳೂರು, ಮಂಗಳೂರುಗಳಿಗೆ ಸಾಗುವ ದುಡಿಮೆಯ ದಾರಿಗಳು ಹೀಗೆ ಹೋಗುವ ಮತ್ತು ಬರುವ ದಾರಿಗಳಾಗಿಯೇ ಉಳಿದಿವೆ.

ಭಾರತದಲ್ಲಿ ಎಚ್‌ಐವಿ ಸೋಂಕು ಮೊದಲು ಪತ್ತೆಯಾದುದು ೧೯೮೬ರಲ್ಲಿ, ಅಂದಿನ ಮದರಾಸಿನಲ್ಲಿ. ೧೯೯೨ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಮೊದಲ ಹಂತ ಆರಂಭವಾಯಿತು. ೧೯೯೭ರಿಂದ ಸರಕಾರಿ ಆಸ್ಪತ್ರೆಗಳಲ್ಲಿ ‘ಸ್ವಯಂಪ್ರೇರಿತ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ’ಗಳು ತೆರೆಯತೊಡಗಿದವು. ಹೆಚ್ಚು ಸೋಂಕಿನ ಆರು ರಾಜ್ಯಗಳ ಪಟ್ಟಿಯಲ್ಲಿ ಮಹಾರಾಷ್ಟ್ರ, ತಮಿಳುನಾಡು, ಆಂಧ್ರಪ್ರದೇಶ, ಮಣಿಪುರ, ನಾಗಾಲ್ಯಾಂಡುಗಳೊಡನೆ ಕರ್ನಾಟಕವೂ ಸೇರಿತು. ಆ ಬಳಿಕ ಗುಳೆ ಹೋಗುವ ಕಾರ್ಮಿಕನು ಆರೋಗ್ಯ ಯೋಜನೆಗಳ ಕಣ್ಣಿಗೆ ಹೊಸ ರೀತಿಯಲ್ಲಿ ಬಿದ್ದನು. ಲಾರಿ ಚಾಲಕರೊಂದಿಗೆ ಅವನನ್ನೂ ‘ಸೇತುವೆ ಸಮುದಾಯ’ ಎಂದು ಯೋಜನಾ ದಾಖಲೆಗಳು ಕರೆದವು. ಹೆಚ್ಚು ಸೋಂಕು ಇರುವ ಗುಂಪುಗಳಿಂದ ಊರಿನ ಕುಟುಂಬಗಳಿಗೆ ಸೋಂಕು ದಾಟುವುದು ಅವನ ಮೂಲಕ ಎಂಬುದು ಈ ಹೆಸರಿನ ಅರ್ಥ.

ಕರೆದರೂ ಅವನು ಪರೀಕ್ಷೆಗೆ ಬರುವುದಿಲ್ಲ ಎಂಬ ದೂರು ಈ ಯೋಜನೆಗಳ ಉದ್ದಕ್ಕೂ ಕೇಳಿಬಂದಿದೆ. ಅದಕ್ಕೆ ಅಜ್ಞಾನ, ಮೂಢನಂಬಿಕೆ, ನಾಚಿಕೆ ಎಂಬ ಕಾರಣಗಳನ್ನು ಕೊಡುವುದು ವಾಡಿಕೆ. ಆ ಹಿಂಜರಿಕೆಯ ಹಿಂದೆ ದುಡಿಮೆಯ ಲೆಕ್ಕವಿದೆ, ಪರೀಕ್ಷೆಗೆ ಒಳಪಟ್ಟ ದೀರ್ಘ ಅನುಭವವಿದೆ, ಬೇನೆಯನ್ನು ಕುರಿತ ಜನಪದ ತಿಳಿವಳಿಕೆಯಿದೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ‘ಸ್ವಯಂಪ್ರೇರಿತ’ ಮತ್ತು ‘ಆಪ್ತ’ ಎಂಬ ಎರಡು ಪದಗಳು ಈ ಚರ್ಚೆಗೆ ಕೀಲಿಕೈಯಾಗಿವೆ.

ರಟ್ಟೆಯ ಲೆಕ್ಕ

‘ರಟ್ಟೆ ಮುರಿದು ರೊಟ್ಟಿ ತಿನ್ನು’ ಎಂಬ ಗಾದೆಯಲ್ಲಿ ಕೂಲಿಯವನ ಆರ್ಥಿಕತೆಯೆಲ್ಲ ಅಡಗಿದೆ. ಹೊಲ, ಅಂಗಡಿ, ಓದು ಇರುವವನಿಗೆ ದೇಹವು ಅವನ ಹಲವು ಆಸ್ತಿಗಳಲ್ಲಿ ಒಂದು. ಗುಳೆ ಹೋದವನಿಗೆ ಅದೊಂದೇ ಆಸ್ತಿ. ಮಹಾರಾಷ್ಟ್ರದ ಸಕ್ಕರೆ ಸೀಮೆಯಲ್ಲಿ ಕಬ್ಬು ಕಡಿಯುವ ಕೆಲಸಕ್ಕೆ ಗಂಡಹೆಂಡಿರ ಜೋಡಿಯನ್ನು ‘ಕೊಯ್ತಾ’ ಎಂದು ಎಣಿಸುವ ಪದ್ಧತಿಯಿದೆ. ಕೊಯ್ತಾ ಎಂದರೆ ಕುಡುಗೋಲು. ಇಬ್ಬರು ಮನುಷ್ಯರು ಒಂದು ಹತಾರಿನ ಹೆಸರಿನಲ್ಲಿ ಲೆಕ್ಕಕ್ಕೆ ಬರುತ್ತಾರೆ. ಹಂಗಾಮಿಗೆ ಮೊದಲೇ ಮುಕಾದಮನಿಂದ ಮುಂಗಡ ಪಡೆದಿರುತ್ತಾರೆ. ಇಬ್ಬರಲ್ಲಿ ಒಬ್ಬರು ಮಲಗಿದರೆ ಜೋಡಿ ಮುರಿಯುತ್ತದೆ; ಮುರಿದ ಜೋಡಿಯ ಮುಂಗಡ ಮುಂದಿನ ವರ್ಷದ ಸಾಲವಾಗುತ್ತದೆ.

ಕಟ್ಟಡದ ಕೆಲಸದಲ್ಲಿ ಲೆಕ್ಕ ಬೇರೆ, ಪರಿಣಾಮ ಒಂದೇ. ಬೆಳಗಿನ ನಾಕಾದಲ್ಲಿ ನಿಂತವರೊಳಗೆ ಮೇಸ್ತ್ರಿ ಆರಿಸಿಕೊಳ್ಳುವುದು ಗಟ್ಟಿಮುಟ್ಟಾದವರನ್ನು. ಆಸ್ಪತ್ರೆಯ ಹೊರರೋಗಿ ವಿಭಾಗ ತೆರೆದಿರುವ ವೇಳೆಯೂ ಅವನ ದುಡಿಮೆಯ ವೇಳೆಯೂ ಒಂದೇ ಆಗಿರುವುದರಿಂದ ಪರೀಕ್ಷೆಗೆ ಹೋದ ದಿನದ ಪಗಾರ ಹೋದಂತೆಯೇ. ಆರಂಭದ ವರ್ಷಗಳಲ್ಲಿ ರಕ್ತ ಕೊಟ್ಟು, ಫಲಿತಾಂಶಕ್ಕೆ ಮತ್ತೊಂದು ದಿನ ಬರಬೇಕಾಗುವ ಸಂದರ್ಭಗಳಿದ್ದವು. ಸೋಂಕು ತಗುಲಿದ ಮೊದಲ ವಾರಗಳಲ್ಲಿ ಅದು ಪರೀಕ್ಷೆಯಲ್ಲಿ ಕಾಣದೆ ಇರಬಹುದಾದ್ದರಿಂದ ಮೂರು ತಿಂಗಳ ಅನಂತರ ಮತ್ತೆ ಬರಲು ಹೇಳುವುದೂ ಉಂಟು. ಮೂರು ತಿಂಗಳಿಗೆ ಅವನು ಯಾವ ಊರಿನ ಯಾವ ಕಟ್ಟಡದ ಕೆಳಗೆ ಇರುತ್ತಾನೆಂಬುದು ಅವನಿಗೇ ತಿಳಿಯದು. ಒಂದೆಡೆ ನೆಲೆನಿಂತವನ ಕಾಲಮಾನಕ್ಕೆ ಹೊಂದಿಸಿದ ಈ ವ್ಯವಸ್ಥೆಗೂ ಹಂಗಾಮಿನ ಕಾಲಮಾನಕ್ಕೂ ಹೊಂದಿಕೆಯಾಗುವುದು ಸುಲಭವಿರಲಿಲ್ಲ.

ಇನ್ನೊಂದು ಲೆಕ್ಕವೂ ಇದೆ. ಎಚ್‌ಐವಿ ಸೋಂಕು ಹಲವು ವರ್ಷಗಳವರೆಗೆ ಯಾವ ಲಕ್ಷಣವನ್ನೂ ತೋರದೆ ಇರಬಲ್ಲದು. ದುಡಿಯಲು ಸಾಧ್ಯವಿರುವವನನ್ನು ಜನಪದರು ಜಡ್ಡಿನವನೆಂದು ಒಪ್ಪುವುದಿಲ್ಲ. ಜಡ್ಡು ಎಂದರೆ ಮೈ ಏಳಲಾರದ ಸ್ಥಿತಿ, ರೊಟ್ಟಿ ಸೇರದ ಸ್ಥಿತಿ. ಎದ್ದು ದುಡಿಯುವವನಿಗೆ ‘ನಿನ್ನ ರಕ್ತದಲ್ಲಿ ಬೇನೆ ಇರಬಹುದು, ನೋಡೋಣ ಬಾ’ ಎನ್ನುವುದು ಇಲ್ಲದ ಜಡ್ಡನ್ನು ಕರೆದು ತಂದಂತೆ ಕೇಳುತ್ತದೆ. ಪರೀಕ್ಷೆಯ ಫಲಿತಾಂಶ ಅವನನ್ನು ಒಂದು ಗಳಿಗೆಯಲ್ಲಿ ದುಡಿಯುವವನಿಂದ ರೋಗಿಯಾಗಿ ಬದಲಿಸಬಲ್ಲದು. ೨೦೦೪ಕ್ಕೆ ಮೊದಲು ಆ ಬದಲಾವಣೆಗೆ ಪ್ರತಿಯಾಗಿ ಸರಕಾರಿ ವ್ಯವಸ್ಥೆ ಕೊಡಬಹುದಾದದ್ದು ಉಪದೇಶ, ನಿರೋಧ್ ಹಾಗೂ ಇತರ ಸಣ್ಣ ಸೋಂಕುಗಳಿಗೆ ಔಷಧ ಇಷ್ಟೇ ಆಗಿತ್ತು.

ಪರೀಕ್ಷೆಯ ನೆನಪು

ಪರೀಕ್ಷೆ ಎಂಬುದು ಈ ಸಮುದಾಯಗಳಿಗೆ ಎಚ್‌ಐವಿಯೊಂದಿಗೆ ಬಂದ ಹೊಸ ಸಂಗತಿಯಲ್ಲ. ೧೮೯೬ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ಲಕ್ಷಾಂತರ ಜನ ಆ ನಗರವನ್ನು ಬಿಟ್ಟು ತಮ್ಮ ತಮ್ಮ ಊರುಗಳತ್ತ ಹೊರಟರು. ೧೮೯೭ರ ಸಾಂಕ್ರಾಮಿಕ ರೋಗಗಳ ಕಾಯ್ದೆಯು ಪ್ರಯಾಣಿಕರನ್ನು ತಡೆದು ಪರೀಕ್ಷಿಸುವ, ಸಂಶಯಿತರನ್ನು ಪ್ರತ್ಯೇಕವಾಗಿಡುವ ಅಧಿಕಾರವನ್ನು ಸರಕಾರಕ್ಕೆ ನೀಡಿತು. ಧಾರವಾಡ, ಬೆಳಗಾವಿ, ವಿಜಯಪುರ ಸೀಮೆಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ೧೮೯೮ರಲ್ಲಿ ರೈಲ್ವೆ ಕೇಂದ್ರವಾದ ಹುಬ್ಬಳ್ಳಿಯಲ್ಲಿ ಪ್ಲೇಗು ತೀವ್ರವಾಗಿ ಹಬ್ಬಿತು. ರೈಲು ನಿಲ್ದಾಣಗಳಲ್ಲಿ ಕಂಕುಳು, ತೊಡೆಸಂದುಗಳಲ್ಲಿ ಗಂಟು ಹುಡುಕುವ ತಪಾಸಣೆ ನಡೆಯಿತು. ಅದೇ ಕಾನೂನಿನ ಕೆಳಗೆ ಪುಣೆಯಲ್ಲಿ ನಡೆದ ಮನೆಶೋಧಗಳ ವಿರುದ್ಧದ ಕೋಪ ೧೮೯೭ರ ಜೂನ್‌ನಲ್ಲಿ ಪ್ಲೇಗು ಅಧಿಕಾರಿ ರ‍್ಯಾಂಡನ ಹತ್ಯೆಯವರೆಗೆ ಹೋಯಿತು. ದುಡಿಯಲು ಹೋಗಿ ಬರುವವನ ಮೈಯನ್ನು ಅಧಿಕಾರಸ್ಥರು ಸಂಶಯದಿಂದ ಮುಟ್ಟಿ ನೋಡುವ ಪರಿಪಾಠ ಹೀಗೆ ಶತಮಾನಕ್ಕೂ ಹಳೆಯದು.

ಅನಂತರದ ಕಾಲದಲ್ಲಿ ಸಿಡುಬಿನ ದಾಕು, ಮಲೇರಿಯಾ ಕಾರ್ಯಕರ್ತರು ಮನೆಮನೆಗೆ ಬಂದು ಬೆರಳು ಚುಚ್ಚಿ ತೆಗೆದ ರಕ್ತದ ಲೇಪ, ೧೯೭೫–೭೭ರ ತುರ್ತುಪರಿಸ್ಥಿತಿಯ ಕಾಲದ ಕುಟುಂಬ ಯೋಜನೆಯ ಒತ್ತಾಯ ಇವೆಲ್ಲ ದೇಶದ ಗ್ರಾಮೀಣ ನೆನಪಿನ ಪದರಗಳಾದವು. ಇವುಗಳಲ್ಲಿ ಕೆಲವು ಜನರ ಜೀವ ಉಳಿಸಿದವು. ಸಿಡುಬು ಕಣ್ಮರೆಯಾದುದು ದಾಕಿನಿಂದಲೇ. ಆದರೂ ಯಾವುದರಲ್ಲಿಯೂ ‘ನಿನಗೆ ಬೇಕೇ?’ ಎಂಬ ಪ್ರಶ್ನೆಗೆ ಹೆಚ್ಚಿನ ಸ್ಥಳವಿರಲಿಲ್ಲ.

ಗೋವೆಯ ನಿದರ್ಶನ ಈ ದೃಷ್ಟಿಯಿಂದ ಹೆಚ್ಚು ಮಹತ್ವದ್ದು. ಅಲ್ಲಿಯ ಸಾರ್ವಜನಿಕ ಆರೋಗ್ಯ ಕಾಯ್ದೆಯ ವ್ಯವಸ್ಥೆಯಲ್ಲಿ ಹೊರಗಿನಿಂದ ಬಂದ ಕಟ್ಟಡ ಕಾರ್ಮಿಕರು ಮಲೇರಿಯಾ ರಕ್ತಪರೀಕ್ಷೆ ಮಾಡಿಸಿಕೊಂಡು ಆರೋಗ್ಯ ಕಾರ್ಡು ಪಡೆಯಬೇಕೆಂಬ ನಿಯಮ ಬಂದಿತು. ಉತ್ತರ ಕರ್ನಾಟಕದಿಂದ ಹೋದ ಕೂಲಿಯವನಿಗೆ ಅಲ್ಲಿ ರಕ್ತ ಕೊಡುವುದು ಕೆಲಸಕ್ಕೆ ಸೇರುವ ಷರತ್ತುಗಳಲ್ಲಿ ಒಂದಾಯಿತು. ಅದೇ ಕಾಯ್ದೆಗೆ ೧೯೮೦ರ ದಶಕದಲ್ಲಿ ಸೇರಿಸಿದ ತಿದ್ದುಪಡಿಯು ಎಚ್‌ಐವಿ ಸೋಂಕಿತರನ್ನು ಪ್ರತ್ಯೇಕವಾಗಿಡಲು ಅವಕಾಶ ಕಲ್ಪಿಸಿತ್ತು. ೧೯೮೯ರಲ್ಲಿ ಡೊಮಿನಿಕ್ ಡಿಸೋಜಾ ಎಂಬ ಗೋವೆಯ ಯುವಕನನ್ನು, ಅವನು ದಾನ ಮಾಡಿದ ರಕ್ತದಲ್ಲಿ ಸೋಂಕು ಕಂಡಿತೆಂದು, ೬೪ ದಿನ ಬಂಧನದಲ್ಲಿಟ್ಟರು. ಅವನ ತಾಯಿ ನ್ಯಾಯಾಲಯದ ಮೆಟ್ಟಿಲೇರಿದರೂ ಮುಂಬಯಿ ಉಚ್ಚ ನ್ಯಾಯಾಲಯ ಆ ವಿಧಿಯನ್ನು ಎತ್ತಿಹಿಡಿಯಿತು. ಓದುಬರಹ ಬಲ್ಲ, ಸ್ವಂತ ಊರಿನಲ್ಲಿಯೇ ಇದ್ದ ಒಬ್ಬನ ಪಾಡು ಇದಾಗಿತ್ತು. ಭಾಷೆ ಬಾರದ ಪರರಾಜ್ಯದ ಕೂಲಿಯವನು ರಕ್ತ ಕೊಡಲು ಹಿಂಜರಿದರೆ ಆ ಹಿಂಜರಿಕೆಗೆ ಆಧಾರವಿರಲಿಲ್ಲ ಎನ್ನಲಾಗದು.

ಮುಂಬಯಿಯ ಇನ್ನೊಂದು ಪ್ರಕರಣ ನೇರವಾಗಿ ಕೂಲಿಗೆ ಸಂಬಂಧಿಸಿದ್ದು. ಸಾರ್ವಜನಿಕ ಸಂಸ್ಥೆಯೊಂದರಲ್ಲಿ ಹಂಗಾಮಿಯಾಗಿ ದುಡಿಯುತ್ತಿದ್ದ ಕಾರ್ಮಿಕನನ್ನು ಎಚ್‌ಐವಿ ಪರೀಕ್ಷೆಯ ಫಲಿತಾಂಶದ ಕಾರಣದಿಂದ ಕೆಲಸದಿಂದ ದೂರವಿಡಲಾಗಿತ್ತು. ೧೯೯೭ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ, ಕೆಲಸ ಮಾಡಲು ಸಮರ್ಥನಾಗಿರುವ ಮತ್ತು ಇತರರಿಗೆ ಅಪಾಯ ಒಡ್ಡದ ವ್ಯಕ್ತಿಗೆ ಸೋಂಕಿನ ಕಾರಣವೊಂದರಿಂದಲೇ ಉದ್ಯೋಗ ನಿರಾಕರಿಸುವಂತಿಲ್ಲ ಎಂದು ತೀರ್ಪು ನೀಡಿತು. ಅವನ ಹೆಸರನ್ನು ಗುಪ್ತವಾಗಿಟ್ಟು ವಿಚಾರಣೆ ನಡೆಸಲು ಅವಕಾಶವನ್ನೂ ಕೊಟ್ಟಿತು. ಸ್ವಯಂಪ್ರೇರಿತ ಪರೀಕ್ಷಾ ಕೇಂದ್ರಗಳು ಆರಂಭವಾದ ವರ್ಷವೂ ಇದೇ. ನ್ಯಾಯಾಲಯದವರೆಗೆ ಹೋಗಬಲ್ಲವನಿಗೆ ಸಿಕ್ಕ ಈ ರಕ್ಷಣೆ, ನಾಕಾದಲ್ಲಿ ನಿಂತವನಿಗೆ ಸಿಗುವ ಬಗೆ ಇರಲಿಲ್ಲ. ಅವನನ್ನು ಕೆಲಸದಿಂದ ತೆಗೆಯಲು ಆದೇಶಪತ್ರವೇ ಬೇಕಿಲ್ಲ. ಮರುದಿನ ಕರೆಯದಿದ್ದರೆ ಸಾಕು. ೧೯೭೯ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯು ಕಾರ್ಮಿಕರಿಗೆ ಉಚಿತ ವೈದ್ಯಕೀಯ ಸೌಲಭ್ಯ ಒದಗಿಸುವ ಹೊಣೆಯನ್ನು ಗುತ್ತಿಗೆದಾರನ ಮೇಲೆ ಹೊರಿಸಿತ್ತಾದರೂ, ಮುಕಾದಮರ ಮೂಲಕ ನಡೆದ ಬಾಯಿಮಾತಿನ ಗುತ್ತಿಗೆಗಳು ಆ ಕಾಯ್ದೆಯ ಕೈಗೆ ಸುಲಭವಾಗಿ ಸಿಗಲಿಲ್ಲ.

ಬೇನೆಯ ಹೆಸರು

ಜನಪದ ಸಂಸ್ಕೃತಿಯಲ್ಲಿ ಬೇನೆಯನ್ನು ಹೆಸರಿಸುವ ಬಗೆಯಲ್ಲಿಯೇ ಅದನ್ನು ಎದುರಿಸುವ ಬಗೆಯೂ ಇದೆ. ಸಿಡುಬು ‘ಅಮ್ಮ’ನಾಗಿ ಬಂದಳು. ಬಂದವಳನ್ನು ತಂಪು ಮಾಡಿ, ಬೇವಿನ ಸೊಪ್ಪಿನಲ್ಲಿ ಮಲಗಿಸಿ, ಎಡೆ ಕೊಟ್ಟು ಕಳುಹಿಸುವ ವಿಧಿಗಳಿದ್ದವು. ಪ್ಲೇಗು ಬಂದಾಗ ಪ್ಲೇಗಿನ ಅಮ್ಮನ ಗುಡಿಗಳು ಎದ್ದವು. ದೇವಿಯ ಬರವಿನಲ್ಲಿ ರೋಗಿಯ ಶೀಲದ ಪ್ರಶ್ನೆ ಮುಖ್ಯವಾಗುವುದಿಲ್ಲ. ಲೈಂಗಿಕ ಬೇನೆಗಳ ಹೆಸರುಗಳು ಇದಕ್ಕೆ ಭಿನ್ನವಾಗಿವೆ. ಹದಿನಾರನೆಯ ಶತಮಾನದ ‘ಭಾವಪ್ರಕಾಶ’ ಎಂಬ ಸಂಸ್ಕೃತ ವೈದ್ಯಗ್ರಂಥವು ಸಿಫಿಲಿಸನ್ನು ‘ಫಿರಂಗ ರೋಗ’ವೆಂದು ಕರೆಯಿತು, ಕನ್ನಡದಲ್ಲಿ ಅದು ‘ಪರಂಗಿ ಹುಣ್ಣು’ ಆಯಿತು. ಅದು ಹೊರಗಿನವರು ತಂದದ್ದು, ಅದನ್ನು ಹತ್ತಿಸಿಕೊಂಡವನು ತಪ್ಪು ಮಾಡಿದವನು ಎಂಬ ಎರಡು ತೀರ್ಮಾನಗಳು ಆ ಹೆಸರಿನಲ್ಲಿ ಸೇರಿಕೊಂಡಿವೆ.

ಎಚ್‌ಐವಿ ಈ ಎರಡನೆಯ ಸಾಲಿಗೆ ಸೇರಿತು. ಆರಂಭದ ಭಿತ್ತಿಪತ್ರಗಳು ತಲೆಬುರುಡೆ ಮತ್ತು ಸಾವಿನ ಚಿತ್ರಗಳಿಂದ ಅದನ್ನು ಪರಿಚಯಿಸಿದವು. ಪರಿಣಾಮವಾಗಿ ಜನ ಅದರ ಹೆಸರನ್ನು ಎತ್ತದೆ ‘ಆ ಜಡ್ಡು’ ಎನ್ನುವುದು ಬಳಕೆಯಾಯಿತು. ದಕ್ಷಿಣ ಕರ್ನಾಟಕದ ಮೆಣಸಿಕ್ಯಾತನಹಳ್ಳಿಯಲ್ಲಿ ೧೯೯೦ರ ದಶಕದ ಕೊನೆಯಲ್ಲಿ ಜನಜಾಗೃತಿಯ ಉದ್ದೇಶದಿಂದ ‘ಏಡ್ಸಮ್ಮ’ನ ಗುಡಿಯನ್ನು ಸ್ಥಾಪಿಸಿದ ಪ್ರಯತ್ನ ಈ ಹಿನ್ನೆಲೆಯಲ್ಲಿ ಗಮನಾರ್ಹ. ಹೆಸರಿಲ್ಲದ ಬೇನೆಗೆ ಹೆಸರು ಕೊಟ್ಟು, ನಿಂದೆಯ ಸಾಲಿನಿಂದ ಎತ್ತಿ ಅಮ್ಮನ ಸಾಲಿಗೆ ಸೇರಿಸುವ ಯತ್ನ ಅದಾಗಿತ್ತು. ಆದರೆ ಗುಳೆ ಹೋದವನ ವಿಷಯದಲ್ಲಿ ನಿಂದೆಗೆ ಇನ್ನೊಂದು ಎಳೆ ಸೇರುತ್ತದೆ. ಊರಿನವರಿಗೆ ಅವನು ಪಟ್ಟಣದಿಂದ ಬೇನೆ ತಂದವನು. ಪಟ್ಟಣದವರಿಗೆ ಅವನು ಊರಿನಿಂದ ಕೊಳಕು ತಂದವನು.

ಅಂಕಿಗಳು ಹೇಳುವುದು ಬೇರೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ೨೦೧೭ರ ಕಣ್ಗಾವಲು ಸಮೀಕ್ಷೆಯಲ್ಲಿ ಒಂಟಿಯಾಗಿ ವಲಸೆ ಹೋದ ಗಂಡಸರಲ್ಲಿ ಸೋಂಕಿನ ಪ್ರಮಾಣ ಶೇ. ೦.೫೧ ಇತ್ತು, ದೂರದ ಲಾರಿ ಚಾಲಕರಲ್ಲಿ ಶೇ. ೦.೮೬. ದೇಶದ ವಯಸ್ಕರಲ್ಲಿ ಅದೇ ವರ್ಷದ ಅಂದಾಜು ಶೇ. ೦.೨೨. ವಲಸೆಗಾರರಲ್ಲಿ ಸೋಂಕು ಎರಡು ಪಟ್ಟಿಗಿಂತ ಹೆಚ್ಚು ಎಂಬುದು ನಿಜ. ಸಾವಿರ ಜನರಲ್ಲಿ ಸುಮಾರು ಒಂಬೈನೂರ ತೊಂಬತ್ತೈದು ಮಂದಿಗೆ ಸೋಂಕಿರಲಿಲ್ಲ ಎಂಬುದೂ ಅಷ್ಟೇ ನಿಜ. ‘ಸೇತುವೆ’ ಎಂಬ ಹೆಸರು ಮೊದಲಿನ ನಿಜವನ್ನು ಎತ್ತಿ ತೋರಿಸಿ ಎರಡನೆಯದನ್ನು ಮರೆಮಾಡಿತು.

ಆಪ್ತ ಯಾರು?

ಕನ್ನಡದಲ್ಲಿ ಈ ಸೇವೆಗೆ ‘ಆಪ್ತಸಮಾಲೋಚನೆ’ ಎಂಬ ಹೆಸರು ನೆಲೆಗೊಂಡಿದೆ. ಆಪ್ತ ಎಂದರೆ ನಂಬಿಕೆಗೆ ಅರ್ಹನಾದವನು. ನ್ಯಾಯದರ್ಶನದಲ್ಲಿ ಆಪ್ತನ ಮಾತು ಜ್ಞಾನಕ್ಕೆ ಒಂದು ಪ್ರಮಾಣ. ಹೆಸರು ಬಹಳ ಸೊಗಸಾಗಿದೆ. ಆದರೆ ಅದು ಸಂಬಂಧವೊಂದನ್ನು ಮೊದಲೇ ಊಹಿಸಿಕೊಳ್ಳುತ್ತದೆ. ಆಸ್ಪತ್ರೆಯ ಕೋಣೆಯಲ್ಲಿ ಮೊದಲ ಸಲ ಕಂಡ, ಮೇಜಿನ ಆಚೆ ಕುಳಿತು ಕಳೆದ ಆರು ತಿಂಗಳ ಲೈಂಗಿಕ ನಡವಳಿಕೆಯನ್ನು ಕೇಳುವ ವ್ಯಕ್ತಿ ಅರ್ಧ ಗಂಟೆಯಲ್ಲಿ ಆಪ್ತನಾಗಬೇಕು.

ಜನಪದ ಸಮಾಜದಲ್ಲಿ ಸಂಕಟ ಬಂದಾಗ ಕೇಳುವ ಕ್ರಮ ಬೇರೆಯಾಗಿದೆ. ದೇವರ ಹೇಳಿಕೆ ಕೇಳುವಾಗ, ಕಣಿ ಕೇಳುವಾಗ ರೋಗಿಯೊಂದಿಗೆ ಮನೆಯವರು, ಬೀಗರು, ಓಣಿಯವರು ಇರುತ್ತಾರೆ. ಪ್ರಶ್ನೆ ಎಲ್ಲರ ಎದುರು ನಡೆಯುತ್ತದೆ. ಉತ್ತರದಲ್ಲಿ ಕಾರಣ ಮತ್ತು ಪರಿಹಾರ ಒಟ್ಟಿಗೆ ಬರುತ್ತವೆ: ಇಂಥ ತಪ್ಪಾಗಿದೆ, ಇಂಥ ಹರಕೆ ತೀರಿಸಬೇಕು. ಕಾರಣ ತಿಳಿದ ಕೂಡಲೇ ಮಾಡಬೇಕಾದ ಕೆಲಸವೊಂದು ಕೈಗೆ ಸಿಗುತ್ತದೆ. ಹೊಣೆಯೂ ಮನೆತನಕ್ಕೆ ಹಂಚಿಹೋಗುತ್ತದೆ. ಪರೀಕ್ಷಾ ಕೇಂದ್ರದ ಕ್ರಮದಲ್ಲಿ ಒಬ್ಬನೇ ಹೋಗಬೇಕು, ಒಬ್ಬನೇ ಕೇಳಬೇಕು, ಒಬ್ಬನೇ ಹೊತ್ತು ಬರಬೇಕು. ಉಚಿತ ಔಷಧ ಬರುವ ಮೊದಲು ಆ ಉತ್ತರದಲ್ಲಿ ಕಾರಣವಿತ್ತು, ಪರಿಹಾರವಿರಲಿಲ್ಲ. ಹೇಳಿಕೆ ಕೇಳಿ ಹರಕೆ ಹೊರುವವನು ವೈಜ್ಞಾನಿಕ ಪರೀಕ್ಷೆಯನ್ನು ತಿರಸ್ಕರಿಸಿದನು ಎನ್ನುವ ಮೊದಲು ಈ ವ್ಯತ್ಯಾಸವನ್ನು ತೂಗಿ ನೋಡಬೇಕು. ಹರಕೆಯಿಂದ ವೈರಾಣು ಹೋಗುವುದಿಲ್ಲ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಮನುಷ್ಯನು ಉತ್ತರಕ್ಕಾಗಿ ಹೋಗುವುದು ಉತ್ತರದ ಬಳಿಕ ಬದುಕಲು ದಾರಿ ಕಾಣುವ ಕಡೆಗೆ.

ಗೋಪ್ಯತೆಯ ಪ್ರಶ್ನೆಯೂ ಇಲ್ಲಿಯೇ ಬರುತ್ತದೆ. ‘ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು’ ಎಂಬ ಗಾದೆ ಮಾತಿನ ಸೋರಿಕೆಯ ಭಯವನ್ನು ಹೇಳುತ್ತದೆ. ಗುಳೆಯಲ್ಲಿ ಒಂದೇ ಊರಿನವರು ಒಂದೇ ಖೋಲಿಯಲ್ಲಿ, ಒಂದೇ ಜೋಪಡಿಯಲ್ಲಿ ಇರುತ್ತಾರೆ. ಕೆಲಸ ಹುಡುಕಿಕೊಡುವವರೂ, ಕೈಗಡ ಕೊಡುವವರೂ, ಸತ್ತರೆ ಹೆಣವನ್ನು ಊರಿಗೆ ಸಾಗಿಸುವವರೂ ಅವರೇ. ಒಬ್ಬನು ಆಸ್ಪತ್ರೆಯ ಆ ಕೋಣೆಯ ಮುಂದೆ ಕುಳಿತದ್ದು ಇನ್ನೊಬ್ಬನ ಕಣ್ಣಿಗೆ ಬಿದ್ದರೆ ಸುದ್ದಿ ಅವನಿಗಿಂತ ಮೊದಲು ಊರು ಮುಟ್ಟುತ್ತದೆ. ಫಲಿತಾಂಶ ಏನೆಂಬುದು ಆಗ ಮುಖ್ಯವಾಗುವುದಿಲ್ಲ, ಹೋಗಿದ್ದನೆಂಬುದೇ ಸಾಕ್ಷಿಯಾಗುತ್ತದೆ.

ಪರೀಕ್ಷೆಗೆ ಮುನ್ನ ಪಡೆಯುವ ಸಮ್ಮತಿಪತ್ರವನ್ನೂ ಹೀಗೆಯೇ ನೋಡಬಹುದು. ವ್ಯಕ್ತಿಯ ಹಕ್ಕನ್ನು ಕಾಯಲು ರೂಪಿಸಿದ ಕಾಗದ ಅದು. ಓದಲು ಬಾರದವನು ಅದರ ಮೇಲೆ ಹೆಬ್ಬೆಟ್ಟು ಒತ್ತಬೇಕು. ಅವನ ಅನುಭವದಲ್ಲಿ ಹೆಬ್ಬೆಟ್ಟು ಒತ್ತಿದ ಕಾಗದಗಳೆಂದರೆ ಸಾಲಪತ್ರ, ಹೊಲದ ಒತ್ತೆಪತ್ರ, ಮುಕಾದಮನ ಮುಂಗಡದ ಪಾವತಿ. ಪ್ರತಿ ಹೆಬ್ಬೆಟ್ಟೂ ಏನನ್ನೋ ಕಳೆದುಕೊಂಡ ನೆನಪು. ರಕ್ಷಣೆಯ ಕಾಗದವೂ ಋಣದ ಕಾಗದವೂ ನೋಡಲು ಒಂದೇ ತರಹ ಇದ್ದಾಗ ಬಾಯಿಮಾತಿನ ವಿವರಣೆಗೆ ಕಾಗದಕ್ಕಿಂತ ಹೆಚ್ಚಿನ ಬೆಲೆ ಬರುತ್ತದೆ. ಕಾರ್ಮಿಕನ ಆಡುಮಾತಿನಲ್ಲಿ, ಧಾರವಾಡದ್ದೋ ಕಲಬುರಗಿಯದ್ದೋ ಕನ್ನಡದಲ್ಲಿ, ಮಾತನಾಡಬಲ್ಲವರು ಗೋವೆಯ ಅಥವಾ ಮುಂಬಯಿಯ ಕೇಂದ್ರದಲ್ಲಿ ಇಲ್ಲದಿದ್ದರೆ ಸಮ್ಮತಿಯೆಂಬುದು ಬರಿಯ ಗುರುತಾಗಿ ಉಳಿಯುತ್ತದೆ.

ಮೊದಲು ತಿಳಿದವಳು

ವಲಸೆಯ ಚರ್ಚೆಯಲ್ಲಿ ಗಂಡಸು ಮುಂದೆ ನಿಂತಿದ್ದರೂ ಹಲವು ಮನೆಗಳಲ್ಲಿ ಸೋಂಕಿನ ಸುದ್ದಿ ಮೊದಲು ಮುಟ್ಟಿದ್ದು ಹೆಂಗಸಿಗೆ. ತಾಯಿಯಿಂದ ಮಗುವಿಗೆ ಸೋಂಕು ಹರಡುವುದನ್ನು ತಡೆಯುವ ಕಾರ್ಯಕ್ರಮ ೨೦೦೦ದ ದಶಕದ ಆರಂಭದಲ್ಲಿ ಜಾರಿಗೆ ಬಂದಾಗ ಬಸುರಿಯರ ಪರೀಕ್ಷೆ ಗರ್ಭಿಣಿ ತಪಾಸಣೆಯ ಭಾಗವಾಯಿತು. ೨೦೦೬ರಲ್ಲಿ ಸ್ವಯಂಪ್ರೇರಿತ ಪರೀಕ್ಷಾ ಕೇಂದ್ರಗಳನ್ನೂ ಈ ಕಾರ್ಯಕ್ರಮವನ್ನೂ ಒಗ್ಗೂಡಿಸಿ ‘ಸಮಗ್ರ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ’ ಎಂದು ಕರೆಯಲಾಯಿತು. ಹೆಸರಿನಿಂದ ‘ಸ್ವಯಂಪ್ರೇರಿತ’ ಎಂಬ ಪದ ಬಿದ್ದುಹೋದುದನ್ನು ಇಲ್ಲಿ ಗಮನಿಸಬಹುದು. ಸಮ್ಮತಿಯ ನಿಯಮ ಮಾತ್ರ ಉಳಿಯಿತು.

ಈ ಕಾರ್ಯಕ್ರಮದಿಂದ ಎಷ್ಟೋ ಕೂಸುಗಳು ಸೋಂಕಿಲ್ಲದೆ ಹುಟ್ಟಿದವು. ಅದರ ಜೊತೆಗೆ ಇನ್ನೊಂದು ಪರಿಣಾಮವೂ ಉಂಟಾಯಿತು. ಗಂಡ ಗುಳೆಯಲ್ಲಿ ದೂರವಿದ್ದಾಗ ಹೆಂಡತಿಯ ಫಲಿತಾಂಶ ಹೊರಬಿದ್ದರೆ, ಮೊದಲು ತಿಳಿದವಳೇ ಮೊದಲು ತಂದವಳು ಎಂಬ ಆರೋಪಕ್ಕೆ ಗುರಿಯಾಗುವ ಸಂಭವವಿತ್ತು. ಪರೀಕ್ಷೆ ತೋರಿಸುವುದು ಸೋಂಕಿನ ಇರವನ್ನು. ಅದು ಯಾರಿಂದ ಯಾರಿಗೆ ಬಂದಿತೆಂಬುದನ್ನು ಅದು ಹೇಳುವುದಿಲ್ಲ. ಈ ಸರಳ ಸಂಗತಿಯನ್ನು ಅತ್ತೆಮಾವಂದಿರಿಗೆ ತಿಳಿಯಹೇಳುವ ಹೊಣೆ ಬಾಣಂತಿಯ ತಲೆಯ ಮೇಲೆ ಬಿದ್ದಿತು. ಆದ್ದರಿಂದ ಗಂಡನು ಪರೀಕ್ಷೆಗೆ ಹಿಂಜರಿಯುವುದು ಅವನೊಬ್ಬನ ವಿಷಯವಾಗಿ ಉಳಿಯುವುದಿಲ್ಲ. ಅವನ ಹಿಂಜರಿಕೆಯ ಬೆಲೆಯನ್ನು ಊರಿನಲ್ಲಿ ಉಳಿದವಳು ತೆರುತ್ತಾಳೆ. ವಲಸೆಗಾರನ ಮನೋಭಾವವನ್ನು ಸಹಾನುಭೂತಿಯಿಂದ ಅರಿಯುವ ಯಾವ ಅಧ್ಯಯನವೂ ಈ ಮುಖವನ್ನು ಬಿಡುವಂತಿಲ್ಲ.

ಔಷಧ ಬಂದ ಮೇಲೆ

೨೦೦೪ರ ಏಪ್ರಿಲ್ ೧ರಿಂದ ಬೆಂಗಳೂರು ಸೇರಿದಂತೆ ದೇಶದ ಎಂಟು ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ ಎಆರ್‌ಟಿ ಚಿಕಿತ್ಸೆ ಆರಂಭವಾಯಿತು. ಮುಂದೆ ಇದು ಜಿಲ್ಲೆಗಳಿಗೂ ಹರಡಿತು. ಪರೀಕ್ಷೆಯ ಉತ್ತರದೊಂದಿಗೆ ಪರಿಹಾರವೂ ಸೇರಿದ್ದು ಇಲ್ಲಿಂದ. ಆದರೂ ಬಹುಕಾಲ ಔಷಧ ಸಿಗುತ್ತಿದ್ದುದು ರೋಗನಿರೋಧಕ ಶಕ್ತಿಯ ಅಳತೆಯಾದ ಸಿಡಿ೪ ಕಣಗಳ ಸಂಖ್ಯೆ ಗೊತ್ತಾದ ಮಟ್ಟಕ್ಕೆ ಇಳಿದವರಿಗೆ ಮಾತ್ರ. ಮೈಗಟ್ಟಿಯಾಗಿದ್ದವನಿಗೆ ‘ನಿನಗೆ ಸೋಂಕಿದೆ, ಗುಳಿಗೆ ಈಗಲೇ ಬೇಡ, ಆಗಾಗ ಬಂದು ತೋರಿಸು’ ಎಂದಂತಾಗುತ್ತಿತ್ತು. ೨೦೧೭ರಲ್ಲಿ ಸೋಂಕು ಖಚಿತವಾದ ಎಲ್ಲರಿಗೂ ಚಿಕಿತ್ಸೆ ಎಂಬ ನೀತಿ ಬಂದ ಮೇಲೆ ಈ ನಡುವಿನ ಖಾಲಿ ಅವಧಿ ಇಲ್ಲವಾಯಿತು. ಗುಳಿಗೆಯನ್ನು ತಪ್ಪದೆ ನುಂಗಿ ರಕ್ತದಲ್ಲಿ ವೈರಾಣು ಅಳತೆಗೆ ಸಿಗದ ಮಟ್ಟಕ್ಕೆ ಇಳಿದರೆ ಲೈಂಗಿಕ ಸಂಪರ್ಕದಿಂದ ಅದು ಇನ್ನೊಬ್ಬರಿಗೆ ಹರಡುವುದಿಲ್ಲ ಎಂಬುದೂ ಖಚಿತವಾಗಿದೆ. ಇದರಿಂದ ರಟ್ಟೆಯ ಲೆಕ್ಕವೇ ತಿರುಗಿತು. ಪರೀಕ್ಷೆ ದುಡಿಮೆಯನ್ನು ಕಸಿಯುವ ಸಂಗತಿಯಾಗಿದ್ದುದು ಈಗ ದುಡಿಮೆಯನ್ನು ಉಳಿಸುವ ಸಂಗತಿಯಾಗಬಲ್ಲದು.

ಕಾನೂನೂ ಬದಲಾಯಿತು. ೨೦೧೭ರಲ್ಲಿ ಅಂಗೀಕಾರವಾಗಿ ೨೦೧೮ರ ಸೆಪ್ಟೆಂಬರ್ ೧೦ರಿಂದ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯು ತಿಳಿವಳಿಕೆಯ ಸಮ್ಮತಿಯಿಲ್ಲದೆ ಪರೀಕ್ಷೆ ಮಾಡುವುದನ್ನೂ, ಉದ್ಯೋಗಕ್ಕೆ ಪರೀಕ್ಷೆಯನ್ನು ಷರತ್ತಾಗಿ ವಿಧಿಸುವುದನ್ನೂ ನಿಷೇಧಿಸಿತು; ಗೋಪ್ಯತೆಯನ್ನು ಹಕ್ಕನ್ನಾಗಿ ಮಾಡಿತು. ಡಿಸೋಜಾನ ಬಂಧನದಿಂದ ಈ ಕಾಯ್ದೆಯವರೆಗೆ ಸುಮಾರು ಮೂರು ದಶಕಗಳ ದೂರವಿದೆ.

ಸೇವೆ ಗುಳೆಯ ದಾರಿಯನ್ನು ಹಿಂಬಾಲಿಸತೊಡಗಿದ್ದು ಇನ್ನೊಂದು ಬದಲಾವಣೆ. ಮೂಲ ಊರು, ನಡುವಿನ ನಿಲ್ದಾಣ, ದುಡಿಯುವ ಸ್ಥಳ ಈ ಮೂರನ್ನೂ ಒಂದೇ ಹಾದಿಯಾಗಿ ಕಾಣುವ ಕಾರ್ಯನ್ನೀತಿಯನ್ನು ರಾಷ್ಟ್ರೀಯ ಕಾರ್ಯಕ್ರಮ ತನ್ನ ಮೂರನೆಯ ಹಂತದಲ್ಲಿ (೨೦೦೭–೨೦೧೨) ರೂಪಿಸಿತು. ಸಂಚಾರಿ ಘಟಕಗಳು, ಬೆರಳ ತುದಿಯ ರಕ್ತದಿಂದ ಕೆಲವೇ ನಿಮಿಷಗಳಲ್ಲಿ ನಡೆಯುವ ಪ್ರಾಥಮಿಕ ಪರೀಕ್ಷೆ, ಜನ ಊರಿಗೆ ಮರಳುವ ಹಬ್ಬಹುಣ್ಣಿಮೆಗಳ ಕಾಲದ ಆರೋಗ್ಯ ಶಿಬಿರಗಳು ಇವೆಲ್ಲ ಕಾರ್ಮಿಕನ ಕಾಲಮಾನಕ್ಕೆ ಸೇವೆಯನ್ನು ಹೊಂದಿಸುವ ಪ್ರಯತ್ನಗಳು. ಉಳಿದ ತೊಡಕು ಔಷಧದ್ದು. ಗುಳಿಗೆ ಜೀವನಪರ್ಯಂತ ಬೇಕು. ಅದನ್ನು ಕೊಡುವ ಕೇಂದ್ರವೋ ಒಂದೂರಿನದು. ೨೦೨೦ರ ಲಾಕ್‌ಡೌನಿನಲ್ಲಿ ಕಾರ್ಮಿಕರು ನಡೆದು ಊರು ಸೇರಬೇಕಾಗಿ ಬಂದಾಗ ಈ ತೊಡಕಿನ ತೀವ್ರತೆ ಎದ್ದು ಕಂಡಿತು. ಹಲವು ತಿಂಗಳ ಗುಳಿಗೆಯನ್ನು ಒಟ್ಟಿಗೆ ಕೊಡುವ ಕ್ರಮಕ್ಕೆ ಆಗ ಒತ್ತು ಸಿಕ್ಕಿತು. ಗುಳೆ ಹೋಗುವವನಿಗೆ ಇಂಥ ಕ್ರಮ ವಿಪತ್ತಿನ ಕಾಲದ ರಿಯಾಯಿತಿಯಾಗಿರದೆ ಎಲ್ಲ ಕಾಲಕ್ಕೂ ಬೇಕಾದ ಅಗತ್ಯವಾಗಿದೆ.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ‘ಸ್ವಯಂಪ್ರೇರಣೆ’ಗೆ ಸ್ವಂತ ವೇಳೆ, ಬೇಡವೆನ್ನುವ ಅಧಿಕಾರ, ಉತ್ತರದ ಬಳಿಕ ದಾರಿ ಈ ಮೂರೂ ಬೇಕು. ಗುಳೆ ಹೋದವನಿಗೆ ಮೊದಲನೆಯದನ್ನು ದುಡಿಮೆಯ ಸ್ವರೂಪ, ಎರಡನೆಯದನ್ನು ಕಡ್ಡಾಯ ಪರೀಕ್ಷೆಗಳ ಚರಿತ್ರೆ, ಮೂರನೆಯದನ್ನು ೨೦೦೪ರವರೆಗೆ ಔಷಧದ ಅಭಾವ ನಿರಾಕರಿಸಿದ್ದವು. ಈ ಕೊರತೆಗಳ ನಡುವೆ ಅವನು ತೋರಿದ ಹಿಂಜರಿಕೆಯನ್ನು ಮೌಢ್ಯವೆಂದು ಬರೆದಿಟ್ಟದ್ದು ಯೋಜನೆಗಳಿಗೆ ಅನುಕೂಲವಾಯಿತು. ತಮ್ಮ ವೇಳಾಪಟ್ಟಿಯನ್ನೂ ಭಾಷೆಯನ್ನೂ ತಿದ್ದಿಕೊಳ್ಳುವ ಹೊಣೆಯಿಂದ ಅವು ಪಾರಾದವು.

ಜಾನಪದ ಅಧ್ಯಯನಕ್ಕೆ ಇಲ್ಲಿ ಮಾಡಬೇಕಾದ ಕೆಲಸವಿದೆ. ಬೇನೆಯ ಹೆಸರುಗಳು, ಹೇಳಿಕೆ ಕೇಳುವ ವಿಧಾನಗಳು, ಹೆಬ್ಬೆಟ್ಟಿನ ನೆನಪುಗಳು, ಗುಳೆಯ ತಿಥಿವಾರಗಳು ಇವುಗಳ ಸಂಗ್ರಹ ಮತ್ತು ವಿಶ್ಲೇಷಣೆ ಆರೋಗ್ಯ ಸೇವೆಯನ್ನು ರೂಪಿಸುವವರಿಗೆ ನೇರವಾಗಿ ಉಪಯುಕ್ತವಾಗಬಲ್ಲ ತಿಳಿವಳಿಕೆ. ಯಾವ ಹುಣ್ಣಿಮೆಗೆ ಯಾವ ಊರಿನವರು ಮರಳುತ್ತಾರೆಂಬುದು ಜಾನಪದ ವಿದ್ವಾಂಸರು ಬಹುಕಾಲದಿಂದ ಬರೆದಿಟ್ಟ ಸಂಗತಿ. ಪರೀಕ್ಷೆಯ ಮೇಜನ್ನು ಎಲ್ಲಿ, ಯಾವಾಗ ಹಾಕಬೇಕು, ಅದರ ಹಿಂದೆ ಯಾವ ಸೀಮೆಯ ಕನ್ನಡ ಬಲ್ಲವರು ಕುಳಿತಿರಬೇಕು ಎಂಬುದಕ್ಕೂ ಅದರಲ್ಲಿ ಉತ್ತರವಿದೆ.